ದಾನಪತ್ರಕ್ಕೆ ಸಹಿ ಹಾಕೋ ಮುಂಚೆ

ಮನೆಯನ್ನ ಮಗನ ಹೆಸರಿಗೆ ದಾನಪತ್ರ ಮಾಡಿಕೊಡೋಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೊರಟಿದ್ದೀರಾ? ಒಂದು ನಿಮಿಷ ಕೂತ್ಕೊಳ್ಳಿ.

ದಾನಪತ್ರ ನೋಂದಣಿಯಾದ್ರೆ ಮನೆ ನಿಮ್ಮದಲ್ಲ. ಖಾತೆ ಅವನ ಹೆಸರಿಗೆ, ಮಾರೋ ಹಕ್ಕೂ ಅವನಿಗೇ. ನಾಳೆ ನಿಮ್ಮನ್ನ ನೋಡಿಕೊಳ್ಳದಿದ್ರೆ?

ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಸೆಕ್ಷನ್ 23 ಅಂತಿದೆ. ‘ನನ್ನನ್ನ ನೋಡಿಕೊಳ್ಳಬೇಕು’ ಅನ್ನೋ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನ, ಮಾತು ತಪ್ಪಿದ್ರೆ ವಾಪಸ್ ಪಡೀಬಹುದು. 60 ತುಂಬಿದವರು ಅಸಿಸ್ಟೆಂಟ್ ಕಮಿಷನರ್ ಮುಂದೆ ಅರ್ಜಿ ಹಾಕಬೇಕು. ಸಿವಿಲ್ ಕೋರ್ಟಿಗೆ ವರ್ಷಗಟ್ಟಲೆ ಅಲೆಯೋ ಪಾಡಿಲ್ಲ.

ಆದ್ರೆ ಆ ಷರತ್ತು ಎಲ್ಲಿದೆ? ಜಗಳ ಹುಟ್ಟೋದೇ ಇಲ್ಲಿ. ಷರತ್ತೇ ಇಲ್ಲದಿದ್ರೆ ಸೆಕ್ಷನ್ 23 ನಡೆಯಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟ್ ತಾಯಿಯ ಪರ ತೀರ್ಪು ಕೊಟ್ಟು, ದಾನಪತ್ರ ರದ್ದು ಮಾಡಿತು. ಅಲ್ಲಿ ಪತ್ರದಲ್ಲೇ ಮಗ ಸೇವೆ ಮಾಡ್ತಾನೆ ಅನ್ನೋ ಮಾತಿತ್ತು. ಅದಕ್ಕೇ ‘ಪ್ರೀತಿ ವಿಶ್ವಾಸದಿಂದ’ ಅನ್ನೋ ಮಾಮೂಲಿ ಒಕ್ಕಣೆ ಸಾಲದು. ಊಟ, ಔಷಧಿ, ಅದೇ ಮನೇಲಿ ಕೊನೇವರೆಗೂ ವಾಸ ಅಂತ ಬರೆಸಿ. ಮಗ ಮುನಿಸಿಕೊಂಡ್ರೆ ಮುನಿಸಿಕೊಳ್ಳಲಿ ಬಿಡಿ!

ನನ್ನ ಕೇಳಿದ್ರೆ, ದಾನಪತ್ರಕ್ಕಿಂತ ಉಯಿಲು ವಾಸಿ. ನೀವಿರೋವರೆಗೂ ಆಸ್ತಿ ನಿಮ್ಮದೇ, ಮನಸ್ಸು ಬದಲಾದ್ರೆ ಹೊಸದು ಬರೀಬಹುದು. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯ ಅಲ್ಲ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು.

ಈಗಾಗ್ಲೇ ಬರೆದುಕೊಟ್ಟು ಕಷ್ಟದಲ್ಲಿದ್ರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.