ಐಗುಪ್ತದ ಬೆಳ್ಳುಳ್ಳಿಯೂ ದಿಲ್‌ಸುಖ್‌ನಗರದ ಅನ್ನವೂ

ಪರವೂರಿನಲ್ಲಿ ದುಡಿಯುವ ನಮ್ಮವರಿಗೆ ಊರಿನ ನೆನಪು ಮೊದಲು ಬರುವುದು ನಾಲಿಗೆಗೆ. ದಿಲ್‌ಸುಖ್‌ನಗರದ ನಮ್ಮ ಹೋಟೆಲಿನಲ್ಲಿ ಹನ್ನೆರಡು ವರ್ಷಗಳಿಂದ ಅಡುಗೆಯವರಾಗಿರುವ ಉಡುಪಿ ಕಡೆಯ ಕ್ರೈಸ್ತ ಬಂಧುವೊಬ್ಬರು, ಇಲ್ಲಿಯ ತೆಂಗಿನಕಾಯಿಯನ್ನು ಒಡೆದಾಗಲೆಲ್ಲ “ನಮ್ಮೂರ ಕಾಯಿಯ ರುಚಿಯಿಲ್ಲ” ಎನ್ನದೆ ಬಿಟ್ಟವರಲ್ಲ. ಬರುವ ಕ್ರಿಸ್‌ಮಸ್ಸಿನೊಳಗೆ ದೇವರು ತಮ್ಮನ್ನು ಊರು ಸೇರಿಸುವನೆಂಬುದು ಪ್ರತಿವರ್ಷವೂ ಅವರ ನಿರೀಕ್ಷೆ. ಅದನ್ನೇ ನೆಚ್ಚಿ ಹೆಂಡತಿಯನ್ನೂ ಮಗಳನ್ನೂ ಇಲ್ಲಿಗೆ ಕರೆತರಲಿಲ್ಲ, ತೆಲುಗನ್ನೂ ಕಲಿಯಲಿಲ್ಲ.

ಕಳೆದ ಬೇಸಗೆಯಲ್ಲಿ ಒಂದು ತಿಂಗಳ ರಜೆ ಪಡೆದು ಹೋದವರು ವಾರದೊಳಗೆ ಹಿಂತಿರುಗಿದರು. ಹೆಂಚಿನ ಮನೆಯಿದ್ದಲ್ಲಿ ಅಣ್ಣನ ತಾರಸಿಯ ಮನೆ ಎದ್ದಿತ್ತು. ಓರಗೆಯವರು ಮುಂಬಯಿ, ಬೆಂಗಳೂರು ಸೇರಿದ್ದರು. ಹತ್ತು ವರ್ಷದ ಮಗಳು ತಂದೆಯ ಬಳಿಗೆ ಬರಲು ನಾಚಿದಳು. “ಧಣಿಗಳೇ, ದೇವರ ಮೇಲೆ ಭರವಸೆಯಿಟ್ಟೇ ಕಾದಿದ್ದೆ. ತಪ್ಪಿದ್ದೆಲ್ಲಿ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ದಿನಗಳ ಮೇಲೆ ಅವರೇ ಸತ್ಯವೇದವನ್ನು ತಂದು ತೆರೆದು ತೋರಿಸಿದರು.

ಅರಣ್ಯಕಾಂಡದ 11ನೆಯ ಅಧ್ಯಾಯ. ಐಗುಪ್ತದ ದಾಸತ್ವದಿಂದ ಬಿಡುಗಡೆ ಹೊಂದಿದ ಇಸ್ರಾಯೇಲರು ಅರಣ್ಯದಲ್ಲಿ ಕುಳಿತು ಅಳುತ್ತಾರೆ. ಅವರಿಗೆ ನೆನಪಾದುದು ಅಲ್ಲಿಯ ಮೀನು, ಸೌತೆಕಾಯಿ, ನೀರುಳ್ಳಿ, ಬೆಳ್ಳುಳ್ಳಿ! ಇಟ್ಟಿಗೆ ಮಾಡಿ ಬೆನ್ನು ಮುರಿದುದು ಮರೆತೇಹೋಗಿತ್ತು. ದೇವರು ದಿನದಿನವೂ ಕೊಡುತ್ತಿದ್ದ ಮನ್ನ ಅವರಿಗೆ ಸಪ್ಪೆಯೆನಿಸಿತು. ಸಬ್ಬತ್ತಿಗಾಗಿ ಕೂಡಿಸಿದುದನ್ನುಳಿದು, ಮರುದಿನಕ್ಕೆಂದು ಇಟ್ಟ ಮನ್ನಕ್ಕೆ ಹುಳ ಬೀಳುತ್ತಿತ್ತೆಂದು ವಿಮೋಚನಕಾಂಡ ಹೇಳುತ್ತದೆ. ನಿನ್ನೆಯ ಸಾಂಬಾರನ್ನು ಇಂದು ಬಡಿಸಲಾಗದೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ನೆನಪು ಪಾಪವಲ್ಲ. ಆದರೆ ನಾವು ಹಾಕಿಕೊಂಡ ಗಡುವಿಗೆ ದೇವರು ಒಪ್ಪಬೇಕೆಂದು ಕಾಯುವುದು ಭರವಸೆಯೂ ಅಲ್ಲ. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ, ಎರಡೇ ವರ್ಷಗಳಲ್ಲಿ ಎಲ್ಲವೂ ಮೊದಲಿನಂತಾಗುವುದೆಂದು ಒಬ್ಬ ಪ್ರವಾದಿ ಆಸೆ ತೋರಿಸಿದ್ದನು. ಯೆರೆಮೀಯನಾದರೋ ಎಪ್ಪತ್ತು ವರ್ಷಗಳಾಗಬೇಕೆಂದು ಪತ್ರ ಬರೆದನು. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಇರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕೆಂದು ತಿಳಿಸಿದನು. ಮರಳುವ ವಾಗ್ದಾನವೂ ಅದೇ ಪತ್ರದಲ್ಲಿದೆ.

ಪರಸ್ಥಳದಲ್ಲಿ ಹೀಗೆ ಬಾಳಿದವರನ್ನು ಕನ್ನಡಿಗರು ಕಂಡಿದ್ದಾರೆ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಜರ್ಮನಿಯಿಂದ ಬಂದು, ನೆರೆಯವರ ನುಡಿಯನ್ನು ತಮ್ಮದಾಗಿಸಿಕೊಂಡರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟು ಇಂದಿಗೂ ನಮ್ಮ ಮನೆಯ ಸೊತ್ತು.

ನಮ್ಮ ಅಡುಗೆಯವರು ಈಗ ಸಮೀಪದಲ್ಲೇ ಎರಡು ಕೋಣೆಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಮಗಳು ಇಲ್ಲಿಯ ಶಾಲೆಗೆ ಸೇರಿದ್ದಾಳೆ. ಸಂಜೆ ತಂದೆಗೆ ತೆಲುಗಿನ ಅಕ್ಷರ ತಿದ್ದಿಸುವವಳು ಅವಳೇ. ಕಾಯಿಯ ರುಚಿಯ ದೂರು ಮಾತ್ರ ಇನ್ನೂ ನಿಂತಿಲ್ಲ.