ಮುನ್ನೂರರ ಗೆರೆ

ಐವತ್ತು ದಾಟಿದ ಗಂಡಸರ ಆರೋಗ್ಯ ತಪಾಸಣೆಯ ರಿಪೋರ್ಟಿನಲ್ಲಿ ಈಚೆಗೆ ಹೊಸದೊಂದು ಸಾಲು ಸೇರಿಕೊಂಡಿದೆ. ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್, ವಿಟಮಿನ್ ಡಿ, ಬಿ12 ಎಲ್ಲ ಮುಗಿದ ಮೇಲೆ ಕೊನೆಯ ಪುಟದಲ್ಲಿ ‘ಟೋಟಲ್ ಟೆಸ್ಟೋಸ್ಟಿರೋನ್’. ಮುಂದೆ 278 ಎಂದೋ 312 ಎಂದೋ ಒಂದು ಅಂಕಿ, ಅದರ ಮಗ್ಗುಲಲ್ಲಿ ಲ್ಯಾಬಿನವರು ಒಪ್ಪುವ ಕೆಳಮಿತಿ, ಮೇಲ್ಮಿತಿ. ಕೆಳಮಿತಿಗಿಂತ ಎರಡು ಅಂಕಿ ಕಡಿಮೆ ಬಂದರೂ ಸಾಕು, ಕಂಪ್ಯೂಟರು ದಪ್ಪಕ್ಷರದಲ್ಲಿ ‘ಎಲ್’ ಎಂದು ಗುರುತು ಹಾಕುತ್ತದೆ. ಸಕ್ಕರೆ ಏರಿದ್ದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವ ಮನುಷ್ಯ ಈ ಪುಟವನ್ನು ಮಾತ್ರ ಮಡಚಿ ಜೇಬಿಗೆ ಸೇರಿಸುತ್ತಾನೆ.

ಆ ಗೆರೆ ಎಳೆದವರು ಯಾರು, ಯಾರ ರಕ್ತ ನೋಡಿ ಎಳೆದರು ಎಂದು ಹುಡುಕುತ್ತ ಹೋದರೆ ಚರಿತ್ರೆ ಹಿಂದುಮುಂದಾಗಿ ಕಾಣುತ್ತದೆ. ಮೊದಲು ಬಂದದ್ದು ಔಷಧಿ. ರಕ್ತದಲ್ಲಿ ಅದನ್ನು ಸಲೀಸಾಗಿ ಅಳೆಯುವ ವಿಧಾನ ಬರಲು ಇನ್ನೂ ಮೂರು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅಳತೆಗೊಂದು ಸರಿಸಮನಾದ ಕೋಲು ಸಿಕ್ಕಿದ್ದು 2017ರಲ್ಲಿ.

ಟೆಸ್ಟೋಸ್ಟಿರೋನ್ ತಯಾರಿಸುವ ವೃಷಣ ಹೋದರೆ ಪ್ರಾಣಿಯ ಸ್ವಭಾವ ಬದಲಾಗುತ್ತದೆ ಎನ್ನುವುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೀಜ ಒಡೆಸಿದ ಎತ್ತಿಗೂ ಹಾಗೇ ಬಿಟ್ಟ ಹೋರಿಗೂ ಇರುವ ಅಂತರ ಅವನ ಕಣ್ಣೆದುರೇ ಇದೆ. ಅದು ರಕ್ತದ ಮೂಲಕ ನಡೆಯುವ ಕೆಲಸ ಎಂಬ ಸುಳಿವು ಕೊಟ್ಟದ್ದು 1849ರಲ್ಲಿ ಜರ್ಮನಿಯ ಗೋಟಿಂಗೆನ್‌ನ ಆರ್ನಾಲ್ಡ್ ಬೆರ್ತೋಲ್ಡ್. ಅವರು ಎಳೆಯ ಹುಂಜಗಳ ವೃಷಣ ತೆಗೆದು, ಕೆಲವಕ್ಕೆ ಹೊಟ್ಟೆಯೊಳಗೆ ಮತ್ತೆ ಕಸಿ ಮಾಡಿದರು. ನರಗಳ ಹಳೆಯ ಸಂಬಂಧ ಕಡಿದುಹೋಗಿದ್ದರೂ ಕಸಿಯಾದ ಹುಂಜಗಳಿಗೆ ಜುಟ್ಟು ಬೆಳೆಯಿತು, ಕೂಗಿದವು, ಕಾದಾಡಿದವು.

ಇಷ್ಟು ಅಚ್ಚುಕಟ್ಟಾದ ಪ್ರಯೋಗವನ್ನು ಜಗತ್ತು ಮರೆತುಬಿಟ್ಟಿತು. ಅದು ನೆನಪಿಟ್ಟುಕೊಂಡದ್ದು ಇನ್ನೊಂದನ್ನು. 1889ರ ಜೂನ್ 1ರಂದು ಪ್ಯಾರಿಸಿನ ಜೀವಶಾಸ್ತ್ರ ಸಂಘದ ಸಭೆಯಲ್ಲಿ ಷಾರ್ಲ್ ಎದುವಾರ್ ಬ್ರೌನ್-ಸೆಕಾರ್ ಮಾತನಾಡಿದರು. ವಯಸ್ಸು 72, ಬೆನ್ನುಹುರಿಯ ಅಧ್ಯಯನದಲ್ಲಿ ದೊಡ್ಡ ಹೆಸರು. ನಾಯಿ ಮತ್ತು ಗಿನಿಪಿಗ್‌ಗಳ ವೃಷಣವನ್ನು ಅರೆದು, ನೀರಿನಲ್ಲಿ ಕಲಸಿ, ಸೋಸಿ, ಅವರು ತಮಗೆ ತಾವೇ ಚುಚ್ಚಿಕೊಂಡಿದ್ದರು. ದಣಿವು ಹೋಯಿತು, ಮೆಟ್ಟಿಲು ಓಡಿ ಹತ್ತುವಂತಾಯಿತು ಎಂದರು. ಬಾಯಿಮಾತಿಗೇ ನಿಲ್ಲಲಿಲ್ಲ, ಅಳೆದೂ ನೋಡಿದ್ದರು: ಮುಂಗೈಯ ಬಲವನ್ನು ಯಂತ್ರದಲ್ಲಿ, ಮೂತ್ರದ ಧಾರೆ ಎಷ್ಟು ದೂರ ಹೋಗುತ್ತದೆ ಎಂಬುದನ್ನೂ. ಧಾರೆ ಕಾಲು ಭಾಗದಷ್ಟು ಉದ್ದವಾಗಿತ್ತಂತೆ. ಕೆಲವೇ ತಿಂಗಳಲ್ಲಿ ಯುರೋಪು, ಅಮೆರಿಕದ ಸಾವಿರಾರು ವೈದ್ಯರು ಈ ದ್ರವವನ್ನು ಚುಚ್ಚತೊಡಗಿದರು.

ಅದರಲ್ಲಿ ಏನೂ ಇರಲಿಲ್ಲ. ಟೆಸ್ಟೋಸ್ಟಿರೋನ್ ಕೊಬ್ಬಿನಲ್ಲಿ ಕರಗುವ ವಸ್ತು, ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ವೃಷಣವಾದರೂ ಅದನ್ನು ತಯಾರಿಸಿ ಕಳಿಸುತ್ತದೆಯೇ ಹೊರತು ಕೂಡಿಡುವುದಿಲ್ಲ. 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ಕ್ರಮದಲ್ಲಿ ಆ ದ್ರವವನ್ನು ಮತ್ತೆ ತಯಾರಿಸಿ ಅಳೆದಾಗ ಸಿಕ್ಕಿದ್ದು ದೇಹಕ್ಕೆ ಗೊತ್ತೇ ಆಗದಷ್ಟು ಅಲ್ಪ ಪ್ರಮಾಣ. ಅಂದರೆ ಮುದುಕರ ಉತ್ಸಾಹ ಮರಳಿದ್ದು ನಂಬಿಕೆಯಿಂದ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಶಕ್ತಿ’ಯ ಜಾಹೀರಾತು ಅಂಟಿಸುವವರಿಗೆ ಈ ಗುಟ್ಟು ಇಂದಿಗೂ ಚೆನ್ನಾಗಿ ಗೊತ್ತು. ಮುಂದೆ ಸರ್ಜ್ ವೊರೊನಾಫ್ ಕೋತಿಯ ವೃಷಣದ ಚೂರುಗಳನ್ನು ಶ್ರೀಮಂತರಿಗೆ ಕಸಿ ಮಾಡಿದರು. ವಿಯೆನ್ನಾದ ಓಯ್ಗೆನ್ ಸ್ಟೈನಾಕ್ ವೀರ್ಯನಾಳ ಕಟ್ಟಿದರೆ ಯೌವನ ಮರಳುತ್ತದೆ ಎಂದರು. ಕವಿ ಯೇಟ್ಸ್ 1934ರಲ್ಲಿ ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು.

ನಿಜವಾದ ವಸ್ತು ಸಿಕ್ಕಿದ್ದು ಕಸಾಯಿಖಾನೆಯಲ್ಲಿ. ಷಿಕಾಗೋದಲ್ಲಿ ಆಗ ಜಾನುವಾರು ಕಡಿಯುವ ಬೃಹತ್ ಅಂಗಳಗಳಿದ್ದವು, ಹೋರಿಯ ವೃಷಣಕ್ಕೆ ಬರವಿರಲಿಲ್ಲ. 1927ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಫ್ರೆಡ್ ಕೋಚ್ ಮತ್ತು ಲೆಮ್ಯುಯೆಲ್ ಮೆಕ್‌ಗೀ ಸುಮಾರು 18 ಕಿಲೋ ವೃಷಣದಿಂದ 20 ಮಿಲಿಗ್ರಾಂ ಸಾರ ತೆಗೆದರು. ಅದರಲ್ಲಿ ಕಸುವಿದೆಯೇ ಎಂದು ತಿಳಿಯಲು ಇದ್ದ ಉಪಕರಣ ಒಂದೇ, ಬೀಜ ತೆಗೆದ ಹುಂಜ. ಸಾರ ಚುಚ್ಚಿ, ಸೊರಗಿದ ಜುಟ್ಟು ಎಷ್ಟು ಬೆಳೆಯಿತೆಂದು ಸ್ಕೇಲು ಹಿಡಿದು ಅಳೆಯುವುದು. ಇಂದಿನ ಲ್ಯಾಬ್ ಪರೀಕ್ಷೆಯ ಮುತ್ತಾತ ಆ ಜುಟ್ಟೇ.

1931ರಲ್ಲಿ ಜರ್ಮನಿಯ ಆಡಾಲ್ಫ್ ಬ್ಯೂಟೆನಾಂಟ್ ಪೊಲೀಸರ ಮೂತ್ರವನ್ನು ಸುಮಾರು 15,000 ಲೀಟರಿನಷ್ಟು ಶೇಖರಿಸಿ, ಅದರಿಂದ 15 ಮಿಲಿಗ್ರಾಂ ಆಂಡ್ರೊಸ್ಟಿರೋನ್ ಎಂಬ ಸೋದರ ವಸ್ತುವನ್ನು ಬೇರ್ಪಡಿಸಿದರು. 1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅರ್ನ್ಸ್ಟ್ ಲಾಕೂರ್ ಅವರ ತಂಡ ಹೋರಿಯ ವೃಷಣದಿಂದ ಟೆಸ್ಟೋಸ್ಟಿರೋನನ್ನೇ ಹರಳಾಗಿ ಹೊರತೆಗೆಯಿತು. ಅದೇ ವರ್ಷ ಬ್ಯೂಟೆನಾಂಟ್ ಒಂದು ಕಡೆ, ಲಿಯೊಪೋಲ್ಡ್ ರುಝಿಚ್ಕಾ ಇನ್ನೊಂದು ಕಡೆ, ಕೊಲೆಸ್ಟ್ರಾಲ್‌ನಿಂದ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿಬಿಟ್ಟರು. ಇಬ್ಬರಿಗೂ 1939ರ ರಸಾಯನಶಾಸ್ತ್ರದ ನೊಬೆಲ್ ಬಂತು. ಹೋರಿಯೂ ಬೇಡ, ಪೊಲೀಸರೂ ಬೇಡ ಎಂದಾದ ಮೇಲೆ ಔಷಧ ಕಂಪನಿಗಳು ಸುಮ್ಮನಿರುತ್ತವೆಯೇ? ಕೆಲವೇ ವರ್ಷಗಳಲ್ಲಿ ಇಂಜೆಕ್ಷನ್ ಬಂತು. ಯಾರಿಗೆ ಕೊಡಬೇಕು ಎಂದು ಹೇಳಬಲ್ಲ ರಕ್ತಪರೀಕ್ಷೆ ಬರಲಿಲ್ಲ.

ಆ ಗೊಂದಲದ ನಡುವೆ ಬಂದ ತೂಕದ ಲೇಖನವೆಂದರೆ 1944ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಕಾರ್ಲ್ ಹೆಲ್ಲರ್ ಮತ್ತು ಗಾರ್ಡನ್ ಮೈಯರ್ಸ್ ಬರೆದದ್ದು. ಟೆಸ್ಟೋಸ್ಟಿರೋನ್ ಅಳೆಯಲು ಆಗದಿದ್ದರೇನು, ಅದಕ್ಕಾಗಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಷ್ಟು ಕೂಗುತ್ತಿದೆ ಎಂದು ನೋಡಬಹುದಲ್ಲ! ವೃಷಣ ಸೋತಾಗ ಪಿಟ್ಯುಟರಿ ತನ್ನ ಆಜ್ಞಾ ಹಾರ್ಮೋನುಗಳನ್ನು ಹೆಚ್ಚು ಹೆಚ್ಚು ಸುರಿಸುತ್ತದೆ. ಅದನ್ನು ಅವರು ಮೂತ್ರದಲ್ಲಿ ಅಳೆದರು. ಅದು ಏರಿದ್ದವರಿಗೆ ಚುಚ್ಚುಮದ್ದಿನಿಂದ ಗುಣ ಕಂಡಿತು. ಅದು ಸಹಜವಾಗಿದ್ದು ಲಕ್ಷಣ ಮಾತ್ರ ಹೇಳಿಕೊಂಡು ಬಂದವರಿಗೆ ಕಾಣಲಿಲ್ಲ. ಎಂಬತ್ತು ವರ್ಷದ ಹಿಂದಿನ ಈ ವಿವೇಕ ಇಂದಿನ ಎಷ್ಟೋ ತಪಾಸಣಾ ಪ್ಯಾಕೇಜುಗಳಲ್ಲಿ ಇಲ್ಲ.

ರಕ್ತದಲ್ಲಿ ಅಳೆಯುವುದು ಯಾಕಷ್ಟು ಕಷ್ಟವಾಯಿತು ಎಂದರೆ ಪ್ರಮಾಣ ಅಷ್ಟು ಸೂಕ್ಷ್ಮ. ರಿಪೋರ್ಟಿನಲ್ಲಿ 500 ಎಂದಿದ್ದರೆ 100 ಮಿಲಿಲೀಟರ್ ರಕ್ತದ್ರವದಲ್ಲಿ 500 ನ್ಯಾನೊಗ್ರಾಂ, ಅಂದರೆ ಒಂದು ಗ್ರಾಂನ ಹತ್ತು ಲಕ್ಷ ಭಾಗದಲ್ಲಿ ಅರ್ಧ ಭಾಗ. ದಾರಿ ತೆರೆದವರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಭೌತವಿಜ್ಞಾನಿ ರೋಸಲಿನ್ ಯಾಲೋ ಮತ್ತು ವೈದ್ಯ ಸಾಲಮನ್ ಬರ್ಸನ್. ಇನ್ಸುಲಿನ್ ಹಿಡಿಯುವ ಪ್ರತಿಕಾಯಗಳನ್ನು ತೆಗೆದುಕೊಂಡು, ಅವುಗಳ ಮೇಲೆ ವಿಕಿರಣ ಸೂಸುವ ಇನ್ಸುಲಿನ್ ಕೂರಿಸಿದರು. ಮೇಲಿಂದ ರೋಗಿಯ ರಕ್ತ ಹಾಕಿದರೆ ಅದರೊಳಗಿನ ಇನ್ಸುಲಿನ್, ಬಸ್ಸಿನಲ್ಲಿ ಸೀಟಿಗೆ ನುಗ್ಗುವಂತೆ ನುಗ್ಗಿ, ಕೂತಿದ್ದವನ್ನು ಎಬ್ಬಿಸುತ್ತದೆ. ಎದ್ದುಹೋದವೆಷ್ಟು ಎಂದು ವಿಕಿರಣದಿಂದ ಎಣಿಸಿದರೆ ನುಗ್ಗಿದವೆಷ್ಟು ಎಂದು ಗೊತ್ತಾಗುತ್ತದೆ. 1960ರ ಹೊತ್ತಿಗೆ ವಿಧಾನ ಸಿದ್ಧವಾಯಿತು, ಪೇಟೆಂಟ್ ಮಾಡಿಸುವ ಗೊಡವೆಗೆ ಇಬ್ಬರೂ ಹೋಗಲಿಲ್ಲ. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರ ನೊಬೆಲ್ ಯಾಲೋ ಅವರ ಪಾಲಿಗೆ ಬಂತು.

ಟೆಸ್ಟೋಸ್ಟಿರೋನ್ ಇನ್ಸುಲಿನ್‌ಗಿಂತ ಬಹಳ ಪುಟ್ಟ ಅಣು. ಒಂಟಿಯಾಗಿ ಚುಚ್ಚಿದರೆ ಪ್ರಾಣಿಯ ದೇಹ ಪ್ರತಿಕಾಯ ಹುಟ್ಟಿಸುವುದಿಲ್ಲ. ಅದನ್ನು ದೊಡ್ಡ ಪ್ರೋಟೀನಿಗೆ ಕಟ್ಟಿ ಚುಚ್ಚಬೇಕಾಯಿತು. 1970ರ ಸುಮಾರಿಗೆ ಅದಕ್ಕೂ ಇದೇ ವಿಧಾನ ಒಗ್ಗಿತು. ಮುಂದೆ ವಿಕಿರಣ ಹೋಗಿ ಬೆಳಕು ಸೂಸುವ ರಾಸಾಯನಿಕ ಬಂತು, ಯಂತ್ರವೇ ಎಲ್ಲ ಮಾಡತೊಡಗಿತು. ಆದರೆ ಪ್ರತಿಕಾಯ ಕೆಲವೊಮ್ಮೆ ಟೆಸ್ಟೋಸ್ಟಿರೋನಿನ ಸೋದರ ಅಣುಗಳನ್ನೂ ಅಪ್ಪಿಕೊಳ್ಳುತ್ತದೆ. ಒಂದೇ ರಕ್ತಕ್ಕೆ ಬೇರೆ ಬೇರೆ ಕಂಪನಿಗಳ ಯಂತ್ರ ಬೇರೆ ಬೇರೆ ಅಂಕಿ ಹೇಳುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೂಡ ಕೆಲವು ಯಂತ್ರಗಳನ್ನು ದಾರಿ ತಪ್ಪಿಸಿ, ಇಲ್ಲದ ಟೆಸ್ಟೋಸ್ಟಿರೋನನ್ನು ಇದೆ ಎನ್ನಿಸುತ್ತದೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಲ್ಯಾಬುಗಳ ಅಳತೆಯನ್ನು ಒಂದೇ ಮಟ್ಟಕ್ಕೆ ತರುವ ಕಾರ್ಯಕ್ರಮ ಶುರುಮಾಡಿತು. 2017ರಲ್ಲಿ ನಾಲ್ಕು ದೊಡ್ಡ ಅಧ್ಯಯನಗಳ ಅಂಕಿಗಳನ್ನು ಆ ಮಟ್ಟಕ್ಕೆ ಹೊಂದಿಸಿ ಪ್ರಕಟಿಸಿದ ಮಿತಿಯೇ 264ರಿಂದ 916. ಯಾರ ರಕ್ತ? ಅಮೆರಿಕ ಮತ್ತು ಯುರೋಪಿನ, ಬೊಜ್ಜಿಲ್ಲದ, 19ರಿಂದ 39 ವರ್ಷದ ಗಂಡಸರದ್ದು. ಕೆಳಗಿನ ಶೇ 2.5 ಮತ್ತು ಮೇಲಿನ ಶೇ 2.5 ಮಂದಿಯನ್ನು ಹೊರಗಿಟ್ಟು ಗೆರೆ ಎಳೆದರು. ಹಾಗಾಗಿ ಏನೂ ತೊಂದರೆಯಿಲ್ಲದ ನೂರು ಯುವಕರನ್ನು ನಿಲ್ಲಿಸಿದರೂ ಇಬ್ಬರು ಮೂವರಿಗೆ ‘ಎಲ್’ ಬೀಳಲೇಬೇಕು. ಹಾಸನದ ಅರವತ್ತರ ಮೇಷ್ಟ್ರನ್ನು ಬೆಲ್ಜಿಯಮ್ಮಿನ ಮೂವತ್ತರ ಹುಡುಗನ ಪಕ್ಕ ನಿಲ್ಲಿಸಿ ಎತ್ತರ ನೋಡುವ ಕೆಲಸ ಇದು. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರಲ್ಲಿ ಲೆಕ್ಕಕ್ಕೆ ಸುಲಭವಾಗಲೆಂಬಂತೆ 300 ಎಂದಿತು. ಅದೇ ವರ್ಷ ಅಲ್ಲಿನ ಎಂಡೋಕ್ರೈನ್ ಸೊಸೈಟಿ ಹಿಡಿದದ್ದು 264ನ್ನು. ನಡುವಿನ 36 ಅಂಕಿಗಳಲ್ಲಿ ಬಿದ್ದವನು ಒಬ್ಬ ವೈದ್ಯರಿಗೆ ರೋಗಿ, ಇನ್ನೊಬ್ಬರಿಗೆ ಅಲ್ಲ.

ಗೆರೆಗಿಂತ ಹೆಚ್ಚು ಯಾಮಾರಿಸುವುದು ಗಡಿಯಾರ. ಟೆಸ್ಟೋಸ್ಟಿರೋನ್ ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತದೆ. ಮೂವತ್ತು-ನಲವತ್ತರ ಗಂಡಸರಲ್ಲಿ ಬೆಳಗಿನ ಎಂಟಕ್ಕೂ ಸಂಜೆ ನಾಲ್ಕಕ್ಕೂ ಶೇ 20ರಿಂದ 25ರಷ್ಟು ಅಂತರವಿರುತ್ತದೆ, ಎಪ್ಪತ್ತರಲ್ಲಿ ಅದು ಶೇ 10ಕ್ಕೆ ಇಳಿಯುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡಿದ ಅಧ್ಯಯನದಲ್ಲಿ ಮಟ್ಟ ಸರಾಸರಿ ಶೇ 25 ಕುಸಿಯಿತು. ಜ್ವರ, ನಿದ್ದೆಗೇಡು, ಆಸ್ಪತ್ರೆವಾಸ ಯಾವುದಾದರೂ ಅದನ್ನು ಕೆಳಗೆ ದಬ್ಬುತ್ತದೆ. ತಿಂಡಿ ಮುಗಿಸಿ, ಆಫೀಸಿಗೆ ಹೋಗಿ ಬಂದು, ಸಂಜೆ ಮನೆಬಾಗಿಲಿಗೆ ಬಂದ ಹುಡುಗನಿಗೆ ತೋಳು ಚಾಚಿದರೆ ಆ ದುಡ್ಡು ದಂಡ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ಎನ್ನುವುದು ತಜ್ಞರ ನಿಯಮ. ಮೊದಲ ಸಲ ಕಡಿಮೆ ಬಂದವರಲ್ಲಿ ಸುಮಾರು ಶೇ 30 ಮಂದಿಗೆ ಎರಡನೇ ಸಲ ಸರಿಯಾಗಿಯೇ ಬರುತ್ತದೆ.

ಇನ್ನೊಂದು ತೊಡಕಿದೆ. ರಕ್ತದಲ್ಲಿ ಓಡಾಡುವ ಟೆಸ್ಟೋಸ್ಟಿರೋನಿನಲ್ಲಿ ಬಿಡಿಯಾಗಿರುವುದು ಶೇ 2ರ ಆಸುಪಾಸು. ಉಳಿದದ್ದರಲ್ಲಿ ಒಂದು ಪಾಲು ಆಲ್ಬುಮಿನ್‌ಗೆ ಸಡಿಲವಾಗಿ, ಇನ್ನೊಂದು ಪಾಲು ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಈ ಎಸ್‌ಎಚ್‌ಬಿಜಿ ಬೊಜ್ಜು, ಸಕ್ಕರೆ ಕಾಯಿಲೆಗಳಲ್ಲಿ ಇಳಿಯುತ್ತದೆ, ವಯಸ್ಸಾದಂತೆ ಏರುತ್ತದೆ. ಹೊಟ್ಟೆ ಬಂದ 48ರ ವ್ಯಾಪಾರಿಗೆ ಒಟ್ಟು 280 ಇದ್ದು, ಎಸ್‌ಎಚ್‌ಬಿಜಿ ತೀರಾ ಕಡಿಮೆಯಿದ್ದರೆ ಬಿಡಿ ಟೆಸ್ಟೋಸ್ಟಿರೋನ್ ಸಾಕಷ್ಟಿರಬಹುದು. ಕಡ್ಡಿಯಂತಿರುವ 74ರ ಅಜ್ಜನಿಗೆ ಒಟ್ಟು 420 ಬಂದು ‘ಎಲ್’ ಬೀಳದಿದ್ದರೂ ಬಿಡಿ ಭಾಗ ಕೊರತೆಯಲ್ಲಿರಬಹುದು. ಬಿಡಿ ಭಾಗವನ್ನು ನೇರ ಅಳೆಯುತ್ತೇವೆನ್ನುವ ಅಗ್ಗದ ಕಿಟ್‌ಗಳನ್ನು ತಜ್ಞರು ನಂಬುವುದಿಲ್ಲ. ಒಟ್ಟು, ಎಸ್‌ಎಚ್‌ಬಿಜಿ, ಆಲ್ಬುಮಿನ್ ಮೂರನ್ನೂ ಹಾಕಿ ಲೆಕ್ಕದಿಂದ ತೆಗೆಯುವ ಸೂತ್ರವೊಂದಿದೆ; 1999ರಲ್ಲಿ ಬೆಲ್ಜಿಯಮ್ಮಿನ ಅಲೆಕ್ಸ್ ವರ್ಮ್ಯೂಲೆನ್ ಮತ್ತು ಸಂಗಡಿಗರು ಕೊಟ್ಟದ್ದು.

ವಿಜ್ಞಾನಿಗಳು ಕೋಲು ಸರಿಮಾಡುವಷ್ಟರಲ್ಲಿ ಮಾರುಕಟ್ಟೆ ಎಷ್ಟೋ ಮುಂದೆ ಹೋಗಿತ್ತು. 2000ದಲ್ಲಿ ಅಮೆರಿಕದಲ್ಲಿ ಹಚ್ಚಿಕೊಳ್ಳುವ ಜೆಲ್ ಬಂತು. ಊಟವಾದ ಮೇಲೆ ತೂಕಡಿಕೆ ಬರುತ್ತದೆಯೇ, ಆಟದಲ್ಲಿ ಚುರುಕು ಕಡಿಮೆಯಾಗಿದೆಯೇ ಎಂದೆಲ್ಲ ಕೇಳುವ ಪ್ರಶ್ನಾವಳಿಗಳು ಹರಡಿದವು. ಮುದ್ದೆಯೂಟದ ಮೇಲೆ ತೂಕಡಿಸದ ಗಂಡಸನ್ನು ಎಲ್ಲಿಂದ ತರೋಣ? 2001ರಿಂದ 2011ರ ನಡುವೆ ಅಲ್ಲಿ ನಲವತ್ತು ದಾಟಿದವರಲ್ಲಿ ಈ ಔಷಧಿಯ ಬಳಕೆ ಮೂರು ಪಟ್ಟಿಗೂ ಹೆಚ್ಚಾಯಿತು. ಶುರುಮಾಡಿದವರಲ್ಲಿ ಸುಮಾರು ಕಾಲು ಭಾಗದವರು ಹಿಂದಿನ ಒಂದು ವರ್ಷದಲ್ಲಿ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ.

ಹಾಗಾದರೆ ವಯಸ್ಸಿನಿಂದ ಬರುವ ನಿಜವಾದ ಕೊರತೆ ಎಷ್ಟು ಜನರಿಗೆ? ಯುರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವರ್ಷದ 3,369 ಗಂಡಸರನ್ನು ನೋಡಿ 2010ರಲ್ಲಿ ಕೊಟ್ಟ ಉತ್ತರ ಶೇ 2.1. ಹತ್ತಾರು ಲಕ್ಷಣಗಳನ್ನು ಜಾಲಿಸಿದಾಗ ಕಡಿಮೆ ಟೆಸ್ಟೋಸ್ಟಿರೋನಿನ ಜೊತೆ ಗಟ್ಟಿಯಾಗಿ ನಿಂತದ್ದು ಮೂರೇ: ಬೆಳಗಿನ ನಿಮಿರುವಿಕೆ ಕಡಿಮೆಯಾಗುವುದು, ಕಾಮಾಸಕ್ತಿ ತಗ್ಗುವುದು, ನಿಮಿರುವಿಕೆಯ ತೊಂದರೆ. ದಣಿವು, ಬೇಸರ, ಮರೆವುಗಳು ಆ ಪಟ್ಟಿಯಲ್ಲಿ ನಿಲ್ಲಲಿಲ್ಲ. 2016ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು 51,085 ಜನರನ್ನು ಸೋಸಿ, 65 ದಾಟಿದ, ಮಟ್ಟ ನಿಜಕ್ಕೂ ಕಡಿಮೆಯಿದ್ದ 790 ಮಂದಿಯನ್ನು ಆರಿಸಿಕೊಂಡಿತು. ಒಂದು ವರ್ಷ ಜೆಲ್ ಹಚ್ಚಿಕೊಂಡವರಿಗೆ ಲೈಂಗಿಕ ಆಸಕ್ತಿ ಸ್ವಲ್ಪಮಟ್ಟಿಗೆ ಹೆಚ್ಚಿತು. ದಣಿವಿನ ವಿಷಯದಲ್ಲಿ ಹುಸಿ ಜೆಲ್‌ಗಿಂತ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಬ್ರೌನ್-ಸೆಕಾರ್ ಕೇಳಿದ್ದರೆ ಒಪ್ಪುತ್ತಿರಲಿಲ್ಲ. 2023ರಲ್ಲಿ ಮುಗಿದ, 5,000ಕ್ಕೂ ಹೆಚ್ಚು ಜನರ ಇನ್ನೊಂದು ಪ್ರಯೋಗ ಹೃದಯಾಘಾತ, ಪಾರ್ಶ್ವವಾಯುಗಳ ಭಯವನ್ನು ಕಡಿಮೆ ಮಾಡಿತಾದರೂ ಎದೆಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಔಷಧಿ ಪಡೆದವರಲ್ಲೇ ಹೆಚ್ಚಿತ್ತು. ಮೂಳೆ ಗಟ್ಟಿಯಾಗುತ್ತದೆಂದು ನಿರೀಕ್ಷಿಸಿದ್ದವರಿಗೆ ಅಚ್ಚರಿಯೊಂದು ಕಾದಿತ್ತು. ಮೂಳೆ ಮುರಿತವೂ ಅವರಲ್ಲೇ ಜಾಸ್ತಿ.

ಮಕ್ಕಳು ಬೇಕೆನ್ನುವವರು ಕೇಳಲೇಬೇಕಾದ ಮಾತೊಂದಿದೆ. ಹೊರಗಿನಿಂದ ಟೆಸ್ಟೋಸ್ಟಿರೋನ್ ಬಂದರೆ ಪಿಟ್ಯುಟರಿ ತನ್ನ ಆಜ್ಞೆ ನಿಲ್ಲಿಸುತ್ತದೆ, ವೀರ್ಯಾಣು ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು.

ಎರಡು ಬೆಳಗಿನ ಪರೀಕ್ಷೆಯಲ್ಲೂ ಅಂಕಿ ನಿಜಕ್ಕೂ ಕಡಿಮೆ, ಲಕ್ಷಣವೂ ಇದೆ ಎಂದಾದರೆ ವೈದ್ಯರು ಮುಂದೆ ಕೇಳುವುದು ಎಲ್‌ಎಚ್, ಅಂದರೆ ಹೆಲ್ಲರ್ ಮತ್ತು ಮೈಯರ್ಸ್ ಮೂತ್ರದಲ್ಲಿ ಹುಡುಕಿದ ಆಜ್ಞಾ ಹಾರ್ಮೋನುಗಳಲ್ಲಿ ಒಂದು. ಅದು ಏರಿದ್ದರೆ ಸೋತದ್ದು ವೃಷಣ. ಏರಬೇಕಾದಾಗಲೂ ಏರದೆ ಕೂತಿದ್ದರೆ ಕಾರಣ ಮೇಲೆಲ್ಲೋ ಇದೆ: ಪಿಟ್ಯುಟರಿಯ ಗಡ್ಡೆ ಇರಬಹುದು, ಬಹುಕಾಲ ನುಂಗಿದ ಸ್ಟಿರಾಯ್ಡ್ ಅಥವಾ ಅಫೀಮು ಜಾತಿಯ ನೋವಿನ ಮಾತ್ರೆ ಇರಬಹುದು. ನಮ್ಮಲ್ಲಿ ಹೆಚ್ಚಾಗಿ ಎದುರಾಗುವುದು ಬೊಜ್ಜು ಮತ್ತು ಸಕ್ಕರೆ ಕಾಯಿಲೆ. ಅಮೆರಿಕದ ಬಫಲೋದಲ್ಲಿ ಪರೇಶ್ ದಂಡೋನಾ ಅವರ ತಂಡ 2004ರಲ್ಲಿ ನೋಡಿದ ಟೈಪ್ 2 ಮಧುಮೇಹಿ ಗಂಡಸರಲ್ಲಿ ಮೂರರಲ್ಲೊಬ್ಬರಿಗೆ ಇಂಥದೇ ಸ್ಥಿತಿಯಿತ್ತು. ಯುರೋಪಿನ ಅದೇ ಅಧ್ಯಯನದ ಗಂಡಸರನ್ನು ಕೆಲವು ವರ್ಷ ಹಿಂಬಾಲಿಸಿದಾಗ ತೂಕ ಇಳಿಸಿದವರ ಟೆಸ್ಟೋಸ್ಟಿರೋನ್ ಏರಿದ್ದು, ತೂಕ ಹೆಚ್ಚಿಸಿಕೊಂಡವರದು ಇಳಿದದ್ದು ಕಂಡುಬಂತು. ಎಲ್‌ಎಚ್ ನೋಡಲು ಇನ್ನೊಂದು ಸಲ ಚುಚ್ಚಿಸಿಕೊಳ್ಳಬೇಕಿಲ್ಲ. ಎರಡನೇ ದಿನದ ಬೆಳಗಿನ ಸ್ಯಾಂಪಲ್ಲೇ ಸಾಕು, ಚೀಟಿಯಲ್ಲಿ ಬರೆದಿರಬೇಕು ಅಷ್ಟೆ.