ಪಾದರಸಕ್ಕೆ ಕಿವಿಗೊಟ್ಟ ಕಪ್ತಾನ

ಡಾರ್ವಿನ್ನನ ಹೆಸರು ಕೇಳದವರಿಲ್ಲ. ಅವನನ್ನು ಹೊತ್ತು ಲೋಕ ಸುತ್ತಿದ ಹಡಗು ಬೀಗಲ್ ಎಂಬುದೂ ಶಾಲೆಯ ಪುಸ್ತಕದ ದಯೆಯಿಂದ ಹಲವರಿಗೆ ಗೊತ್ತು. ಆ ಹಡಗಿನ ಕಪ್ತಾನ ಯಾರು ಎಂದು ಕೇಳಿ ನೋಡಿ, ಸಭೆ ಗಪ್‌ಚುಪ್. ರಾಬರ್ಟ್ ಫಿಟ್ಜ್‌ರಾಯ್ ಎಂದು ನಾನೇ ಹೇಳಿದ ಮೇಲೆ ಹಿಂದಿನ ಸಾಲಿನಿಂದ ಯಾರಾದರೂ ಒಬ್ಬರು ಕೇಳುತ್ತಾರೆ: "ಡಾರ್ವಿನ್ ಜೊತೆ ಜಗಳ ಆಡಿದವನಲ್ಲವಾ?" ಆಡಿದ್ದು ಹೌದು. ಆದರೆ ಇವತ್ತು ಬೆಳಿಗ್ಗೆ ಕೊಡೆ ಹಿಡಿಯಬೇಕೋ ಬೇಡವೋ ಎಂದು ನೀವು ಮೊಬೈಲ್ ನೋಡಿದ್ದರೆ, ಅಲ್ಲಿಗೆ ಮುನ್ಸೂಚನೆ ಬಂದದ್ದು ಡಾರ್ವಿನ್ ಹಾಕಿದ ದಾರಿಯಲ್ಲಲ್ಲ, ಈ ಕಪ್ತಾನ ಹಾಕಿದ ದಾರಿಯಲ್ಲಿ.

ಹುಟ್ಟು, ಓದು ಬೇಗ ಮುಗಿಸಿಬಿಡೋಣ. 1805ರ ಜುಲೈ 5, ಇಂಗ್ಲೆಂಡಿನ ಸಫೊಕ್ ಸೀಮೆ. ದೊಡ್ಡ ಮನೆತನ, ಎರಡನೆಯ ಚಾರ್ಲ್ಸ್ ದೊರೆಯವರೆಗೆ ಹೋಗುವ ವಂಶ. ಹನ್ನೆರಡನೆಯ ವಯಸ್ಸಿಗೆ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜು, ಲೆಫ್ಟಿನೆಂಟ್ ಪರೀಕ್ಷೆಯಲ್ಲಿ ಪೂರ್ತಿ ಅಂಕ. 1828ರಲ್ಲಿ ದಕ್ಷಿಣ ಅಮೆರಿಕದ ತುದಿಯ ಕರಾವಳಿಯನ್ನು ಅಳೆಯುತ್ತಿದ್ದ ಬೀಗಲ್‌ನ ಕಪ್ತಾನ ಪ್ರಿಂಗಲ್ ಸ್ಟೋಕ್ಸ್ ಆ ಚಳಿ, ಮಳೆ, ಒಂಟಿತನದಲ್ಲಿ ಮನಸ್ಸು ಕುಸಿದು ಗುಂಡು ಹೊಡೆದುಕೊಂಡು ಸತ್ತ. ಆ ಜಾಗಕ್ಕೆ ಬಂದ ಫಿಟ್ಜ್‌ರಾಯ್‌ಗೆ ಆಗ ಇಪ್ಪತ್ತಮೂರು.

ಹುದ್ದೆ ಹಿಡಿದು ಎರಡು ತಿಂಗಳಾಗುವುದರೊಳಗೆ ಅವನಿಗೆ ಮರೆಯಲಾಗದ ಪಾಠವಾಯಿತು. 1829ರ ಜನವರಿ 30, ಇಂದಿನ ಉರುಗ್ವೆಯ ಮಾಲ್ಡೊನಾಡೊ ಬಂದರಿನ ಹತ್ತಿರ. ಹಡಗಿನಲ್ಲಿದ್ದ, ಗಾಳಿಯ ಒತ್ತಡ ತೋರಿಸುವ ಬ್ಯಾರೋಮೀಟರಿನಲ್ಲಿ ಪಾದರಸ ಇಳಿದಿತ್ತು, ದಿಗಂತದಲ್ಲಿ ಮಿಂಚಾಡುತ್ತಿತ್ತು. ಬಂದರು ಇಲ್ಲೇ ಇದೆಯಲ್ಲ, ಸೇರಿಕೊಂಡುಬಿಡೋಣ ಎಂದು ಹಾಯಿ ಬಿಚ್ಚಿಕೊಂಡೇ ಹೋದ. ಪ್ಯಾಂಪೆರೊ ಎಂದು ಅಲ್ಲಿಯವರು ಕರೆಯುವ ಬಿರುಗಾಳಿ ಹೊಡೆದು ಹಡಗು ಪಕ್ಕಕ್ಕೆ ವಾಲಿತು, ಕೂವೆಮರಗಳ ಮೇಲ್ತುದಿ ಮುರಿದವು, ಇಬ್ಬರು ನಾವಿಕರು ನೀರುಪಾಲಾದರು. ಪಾದರಸ ಹೇಳಿತ್ತು, ತಾನು ಕೇಳಲಿಲ್ಲ ಎಂಬ ಕೊರಗು ಅವನನ್ನು ಬಿಡಲಿಲ್ಲ. ಮುಂದೆ ಅವನು ಮಾಡಿದ ಕೆಲಸವೆಲ್ಲ ಆ ಇಬ್ಬರ ಲೆಕ್ಕ ತೀರಿಸಲಿಕ್ಕೆ ಮಾಡಿದ್ದೇನೋ ಎಂದು ನನಗೆ ಅನ್ನಿಸುವುದುಂಟು.

ಎರಡನೆಯ ಯಾನ 1831ರ ಡಿಸೆಂಬರ್ 27ರಿಂದ 1836ರ ಅಕ್ಟೋಬರ್ 2ರವರೆಗೆ. ಡಾರ್ವಿನ್ ಹತ್ತಿದ್ದು ಈ ಸಲ. ಆ ಕಾಲದ ಕಪ್ತಾನ ಕೈಕೆಳಗಿನವರ ಜೊತೆ ಸಲಿಗೆಯಿಂದ ಉಣ್ಣುವ, ಹರಟುವ ಹಾಗಿರಲಿಲ್ಲ. ಸ್ಟೋಕ್ಸ್‌ಗೆ ಏನಾಯಿತೆಂದು ತಿಳಿದಿದ್ದ ಫಿಟ್ಜ್‌ರಾಯ್ ಊಟಕ್ಕೆ ಮಾತಿಗೆ ಒಬ್ಬ ಓದಿದ ಜೊತೆಗಾರ ಬೇಕೆಂದು ಕೇಳಿ ಪಡೆದ. ಅಂದರೆ ಡಾರ್ವಿನ್ನನ ಜಾಗ ಹುಟ್ಟಿದ್ದು ಒಬ್ಬ ಕಪ್ತಾನನ ಒಂಟಿತನದ ಭಯದಿಂದ. ಮುಖ ನೋಡಿ ಗುಣ ಹೇಳುವ ಶಾಸ್ತ್ರದ ಹುಚ್ಚು ಬೇರೆ ಇತ್ತು ಈ ಕಪ್ತಾನನಿಗೆ. ಡಾರ್ವಿನ್ನನ ಮೂಗು ನೋಡಿ, ಇವನಿಗೆ ಇಷ್ಟು ದೊಡ್ಡ ಯಾನಕ್ಕೆ ಬೇಕಾದ ಛಲ ಇರಲಾರದು ಎಂದು ಅನುಮಾನಪಟ್ಟಿದ್ದ!

ಹಡಗಿನಲ್ಲಿ 22 ಕ್ರೋನೋಮೀಟರುಗಳಿದ್ದವು. ಊರಿಂದೂರಿಗೆ ಸೂರ್ಯ ನೆತ್ತಿಗೆ ಬರುವ ಹೊತ್ತಿನ ಅಂತರ ನಾಲ್ಕು ನಿಮಿಷವಾದರೆ ರೇಖಾಂಶದ ಅಂತರ ಒಂದು ಡಿಗ್ರಿ; ಆದ್ದರಿಂದ ರೇಖಾಂಶ ಅಳೆಯುವುದು ಎಂದರೆ ನಂಬಿಕಸ್ಥ ಗಡಿಯಾರ ಹೊತ್ತೊಯ್ಯುವುದು. ಒಂದೇ ಗಡಿಯಾರವಿದ್ದರೆ ತಪ್ಪಿದ್ದು ತಿಳಿಯದು, ಎರಡಿದ್ದರೆ ತಪ್ಪಿದ್ದು ಯಾವುದೆಂದು ತಿಳಿಯದು. ಅದಕ್ಕೇ ಇಪ್ಪತ್ತೆರಡು, ಅವುಗಳಲ್ಲಿ ಆರು ಅವನ ಸ್ವಂತದ್ದು. ಅವುಗಳ ಮೇಲ್ವಿಚಾರಣೆಗೆ ತನ್ನ ಕೈಯಿಂದ ಸಂಬಳ ಕೊಟ್ಟು ಒಬ್ಬನನ್ನು ಇಟ್ಟುಕೊಂಡಿದ್ದ. ಭೂಮಿಯನ್ನು ಒಂದು ಸುತ್ತು ಸುತ್ತಿ, ಒಂದೊಂದು ಜಾಗದ ಅಂತರ ಕೂಡುತ್ತಾ ಬಂದರೆ ಮೊತ್ತ ಸರಿಯಾಗಿ 24 ಗಂಟೆ ಬರಬೇಕು. ಅವನಿಗೆ ಬಂದದ್ದು 24 ಗಂಟೆಗಿಂತ 33 ಸೆಕೆಂಡು ಹೆಚ್ಚು. ಐದು ವರ್ಷ, ಅಷ್ಟು ಬಿರುಗಾಳಿ, ಕೊನೆಗೆ 33 ಸೆಕೆಂಡು. ಈ ಅಂಕಿ ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಗಾಳಿಯ ಬಲವನ್ನು ಸೊನ್ನೆಯಿಂದ ಹನ್ನೆರಡರವರೆಗೆ ಗುರುತಿಸುವ ಬೋಫರ್ಟ್ ಅಳತೆಯನ್ನು ಅಧಿಕೃತವಾಗಿ ಮೊದಲು ಬಳಸಿದ್ದೂ ಈ ಯಾನದಲ್ಲೇ.

ಹೊಗಳಿಕೆಯ ಜೊತೆಗೆ ಇದನ್ನೂ ಹೇಳಬೇಕು. ಮೊದಲ ಯಾನದಲ್ಲಿ ದೋಣಿ ಕಳುವಾದ ಸಿಟ್ಟಿನಿಂದ ಶುರುವಾಗಿ ದಕ್ಷಿಣ ಅಮೆರಿಕದ ತುದಿಯ ತಿಯೆರಾ ದೆಲ್ ಫ್ಯೂಗೊದ ನಾಲ್ವರನ್ನು ಇಂಗ್ಲೆಂಡಿಗೆ ಕರೆದೊಯ್ದ. ಇಂಗ್ಲಿಷು, ಕ್ರೈಸ್ತ ಧರ್ಮ ಕಲಿಸಿ ವಾಪಸು ಬಿಡುವ ಯೋಜನೆ. ಒಬ್ಬ ಸಿಡುಬಿಗೆ ತುತ್ತಾದ. ಉಳಿದವರನ್ನು ಎರಡನೆಯ ಯಾನದಲ್ಲಿ ಮರಳಿ ಬಿಟ್ಟ. ಸ್ವಲ್ಪ ಕಾಲದಲ್ಲೇ ಅವರು ಆ ಕೋಟು ಬೂಟು ಕಳಚಿ ತಮ್ಮ ಬದುಕಿಗೆ ಹಿಂತಿರುಗಿದ್ದರು. ಅವರನ್ನು ಕೇಳಿ ಮಾಡಿದ್ದಲ್ಲ. ಅವನ ಒಳ್ಳೆಯ ಮನಸ್ಸು ಇಲ್ಲಿ ಸಮಜಾಯಿಷಿಯಾಗುವುದಿಲ್ಲ.

ಆಮೇಲೆ ಪಾರ್ಲಿಮೆಂಟು, 1843ರ ಕೊನೆಯಲ್ಲಿ ನ್ಯೂಜಿಲೆಂಡಿನ ಗವರ್ನರ್ ಹುದ್ದೆ. ವೈರೌ ಎಂಬಲ್ಲಿ ವಲಸಿಗರಿಗೂ ಮಾವೊರಿಗಳಿಗೂ ನಡೆದ ಕಾದಾಟದಲ್ಲಿ ತಪ್ಪು ವಲಸಿಗರದ್ದೇ ಎಂದ. ಬಿಳಿಯರು ತಿರುಗಿಬಿದ್ದರು, ಖಜಾನೆಯೂ ಬರಿದಾಗಿತ್ತು. 1845ರಲ್ಲಿ ವಾಪಸು ಕರೆಸಿಕೊಂಡರು. ಇದರ ಕಥೆಯೇ ಬೇರೊಂದು ಹೊತ್ತಿಗೆ.

ಈಗ ನನ್ನ ಇಷ್ಟದ ಭಾಗ. 1854ರಲ್ಲಿ ಬ್ರಿಟನ್ನಿನ ವ್ಯಾಪಾರ ಮಂಡಳಿ ಹವಾಮಾನದ ಅಂಕಿಅಂಶ ಕಲೆಹಾಕಲು ಒಂದು ಸಣ್ಣ ಕಚೇರಿ ತೆರೆದು ಫಿಟ್ಜ್‌ರಾಯ್‌ನನ್ನು ಕೂರಿಸಿತು. ಹಡಗುಗಳ ದಿನಚರಿಯಿಂದ ಗಾಳಿಯ ನಕ್ಷೆ ಮಾಡಿ ಕೊಡುವುದು, ಯಾನದ ದಿನ ಉಳಿಸುವುದು, ಅಷ್ಟೇ ಒಪ್ಪಿಸಿದ ಕೆಲಸ. ಇವನ ತಲೆಯಲ್ಲಿದ್ದದ್ದು ಬಡ ಮೀನುಗಾರರ ಹಳ್ಳಿಗಳು. ಅಲ್ಲಿಗೆ ಗಟ್ಟಿಮುಟ್ಟಾದ ಬ್ಯಾರೋಮೀಟರುಗಳನ್ನು ಕಳಿಸತೊಡಗಿದ. ಜೊತೆಗೆ, ಅದನ್ನು ಓದುವ ಬಗೆಯನ್ನೂ ತಿದ್ದಲು ಹೊರಟ.

ಎಲ್ಲರೂ ಎಡವುವುದು ಇಲ್ಲೇ. ಹಳೆಯ ಬ್ಯಾರೋಮೀಟರುಗಳ ಮೇಲೆ 30 ಇಂಚಿನ ಆಸುಪಾಸಿನಲ್ಲಿ 'ಒಳ್ಳೆಯ ಹವೆ', 29ರ ಹತ್ತಿರ 'ಮಳೆ', 28ರಲ್ಲಿ 'ಬಿರುಗಾಳಿ' ಎಂದು ಕೊರೆದಿರುತ್ತಿತ್ತು. ಜನ ಅದನ್ನು ಪಂಚಾಂಗದಂತೆ ಓದುತ್ತಿದ್ದರು. ಅಂಥದ್ದೊಂದನ್ನು ಬೆಂಗಳೂರಿಗೆ ತಂದು ಗೋಡೆಗೆ ನೇತುಹಾಕಿ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಪಾದರಸ 27 ಇಂಚಿನ ಸುಮಾರಿಗೆ ನಿಲ್ಲುತ್ತದೆ. ಯುಗಾದಿಯ ನೀಲಿ ಆಕಾಶದ ಕೆಳಗೂ ಆ ಸಲಕರಣೆ 'ಬಿರುಗಾಳಿಗಿಂತ ಕಡೆ' ಎನ್ನುತ್ತಾ ಕೂತಿರುತ್ತದೆ! ನೋಡಬೇಕಾದ್ದು ಪಾದರಸ ಎಲ್ಲಿದೆ ಎಂದಲ್ಲ, ಏರುತ್ತಿದೆಯೋ ಇಳಿಯುತ್ತಿದೆಯೋ, ಎಷ್ಟು ಬೇಗ ಎಂದು. ಫಿಟ್ಜ್‌ರಾಯ್ ಹೇಳಿ ಹೇಳಿ ಬರೆದದ್ದು ಇದನ್ನೇ.

ಇನ್ನೊಂದು ಪ್ರಶ್ನೆ ಪ್ರತಿ ಸಲವೂ ಬರುತ್ತದೆ, ಒಳ್ಳೆಯ ಪ್ರಶ್ನೆಯೇ: "ಮಳೆಗೆ ಮುಂಚೆ ಗಾಳಿಯಲ್ಲಿ ನೀರು ತುಂಬಿರುತ್ತದಲ್ಲ ಸಾರ್, ಗಾಳಿ ಭಾರವಾಗಿ ಪಾದರಸ ಏರಬೇಕಲ್ಲ, ಇಳಿಯುತ್ತದೆ ಯಾಕೆ?" ನೀರಾವಿ ಭಾರ ಎಂಬುದು ಒದ್ದೆ ಬಟ್ಟೆ ಎತ್ತಿದ ಕೈ ಹೇಳುವ ಮಾತು. ಆವಿಯಾದ ನೀರಿನ ಅಣುವಿನ ತೂಕ 18, ಗಾಳಿಯಲ್ಲಿ ಹೆಚ್ಚಾಗಿರುವ ನೈಟ್ರೋಜನ್ನಿನದು 28. ಆವಿ ಬೆರೆತ ಗಾಳಿ ಹಗುರವೇ. ಆದರೂ ಪಾದರಸ ಇಳಿಯಲು ಅದು ಸಣ್ಣ ಕಾರಣ. ದೊಡ್ಡ ಕಾರಣ ನೆತ್ತಿಯ ಮೇಲೆ ಬಹಳ ಎತ್ತರದಲ್ಲಿದೆ: ಅಲ್ಲಿ ಗಾಳಿ ಹೊರಕ್ಕೆ ಹರಡುವ ವೇಗಕ್ಕೆ ಕೆಳಗಿಂದ ತುಂಬಿಕೊಳ್ಳುವುದು ಸಾಲದಾದರೆ ಗಾಳಿಯ ಕಂಬದ ಒಟ್ಟು ತೂಕ ತಗ್ಗುತ್ತದೆ.

ಇಷ್ಟಾದರೂ ಒಂದೇ ಬ್ಯಾರೋಮೀಟರ್ ಅರ್ಧ ಕುರುಡು. ಗದ್ದೆಯ ನೀರನ್ನು ನೆನೆದುಕೊಳ್ಳಿ. ಗಂಡಿ ಬಿಟ್ಟಾಗ ನೀರು ಎಷ್ಟು ರಭಸವಾಗಿ ನುಗ್ಗುತ್ತದೆ ಎಂಬುದು ನಿಮ್ಮ ಗದ್ದೆಯಲ್ಲಿ ಎಷ್ಟು ನೀರಿದೆ ಎಂಬುದರ ಮೇಲೆ ಮಾತ್ರ ನಿಂತಿಲ್ಲ. ಪಕ್ಕದ ಗದ್ದೆಯ ನೀರು ಎಷ್ಟು ತಗ್ಗಿನಲ್ಲಿದೆ ಎಂಬುದರ ಮೇಲಿದೆ. ಗಾಳಿಯೂ ಹಾಗೇ, ಒತ್ತಡದ ಇಳಿಜಾರು ಕಡಿದಾದಷ್ಟೂ ಬಿರುಸು. ಭೂಮಿ ತಿರುಗುವುದರಿಂದ ಅದು ನೇರ ನುಗ್ಗದೆ ಓರೆಯಾಗಿ ಸುತ್ತು ಹಾಕುತ್ತದೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಗಾಳಿಗೆ ಬೆನ್ನುಕೊಟ್ಟು ನಿಂತರೆ ಕಡಿಮೆ ಒತ್ತಡ ಎಡಗಡೆ ಇರುತ್ತದೆ ಎಂಬ ಸೂತ್ರವನ್ನು ಡಚ್ಚರ ಬಾಯ್ಸ್ ಬ್ಯಾಲಟ್ 1857ರಲ್ಲಿ ಕೊಟ್ಟಿದ್ದ. ಒಂದು ಬ್ಯಾರೋಮೀಟರ್ ಹೇಳುವುದು ನಿಮ್ಮ ಗದ್ದೆಯ ಮಟ್ಟ ಹೊತ್ತಿನಿಂದ ಹೊತ್ತಿಗೆ ಹೇಗೆ ಬದಲಾಯಿತೆಂದು. ಇಳಿಜಾರು ಕಾಣಬೇಕಾದರೆ ಹತ್ತಾರು ಊರುಗಳ ಪಾದರಸವನ್ನು ಒಂದೇ ಗಳಿಗೆಯಲ್ಲಿ ನೋಡಬೇಕು. ಹದಿನೆಂಟನೆಯ ಶತಮಾನದಲ್ಲಿ ಅದು ಆಗದ ಮಾತು. ಸುದ್ದಿ ತರುವ ಕುದುರೆಗಿಂತ ಬಿರುಗಾಳಿಯೇ ಮುಂದಿರುತ್ತಿತ್ತು. ತಂತಿ ಬಂದ ಮೇಲೆ ಸುದ್ದಿ ಗಾಳಿಯನ್ನು ಹಿಂದೆ ಹಾಕಿತು. ಫಿಟ್ಜ್‌ರಾಯ್ ಹಿಡಿದದ್ದು ಈ ಎಳೆಯನ್ನು.

1859ರ ಅಕ್ಟೋಬರ್ 26. ಮೆಲ್ಬರ್ನಿನಿಂದ ಲಿವರ್‌ಪೂಲಿಗೆ ಬರುತ್ತಿದ್ದ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸಿನ ಆಂಗ್ಲಸಿ ದ್ವೀಪದ ಬಂಡೆಗೆ ಬಡಿದು ಒಡೆಯಿತು. ಆಸ್ಟ್ರೇಲಿಯದ ಗಣಿಗಳಲ್ಲಿ ದುಡಿದ ಚಿನ್ನದೊಂದಿಗೆ ಮನೆಗೆ ಮರಳುತ್ತಿದ್ದವರು. 400ಕ್ಕೂ ಹೆಚ್ಚು ಜನ ದಡ ಕಾಣುವಷ್ಟು ಹತ್ತಿರದಲ್ಲಿ ಸತ್ತರು. ಉಳಿದ ನಲವತ್ತರಷ್ಟು ಮಂದಿಯಲ್ಲಿ ಒಬ್ಬ ಹೆಂಗಸೂ ಇಲ್ಲ, ಒಂದು ಮಗುವೂ ಇಲ್ಲ. ಅದೇ ಬಿರುಗಾಳಿಯಲ್ಲಿ ಮುಳುಗಿದ ಹಡಗುಗಳು 130ಕ್ಕೂ ಮೇಲೆ. ಫಿಟ್ಜ್‌ರಾಯ್ ಎಲ್ಲೆಡೆಯಿಂದ ಪಾದರಸದ ಲೆಕ್ಕ ತರಿಸಿ ನಕ್ಷೆಯ ಮೇಲಿಟ್ಟ. ಬಿರುಗಾಳಿ ನಡೆದುಬಂದ ದಾರಿ ಕಣ್ಣೆದುರಿಗೆ ಬಂತು. ಮುಂಚೆಯೇ ತಂತಿ ಹೊಡೆದಿದ್ದರೆ?

1861ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಡುವ ಏರ್ಪಾಟು ಶುರುವಾಯಿತು. ಐರ್ಲೆಂಡಿನ ಪಶ್ಚಿಮ ಅಂಚಿನ ವ್ಯಾಲೆಂಷಿಯಾ ಸೇರಿದಂತೆ ಹಲವು ಠಾಣೆಗಳಿಂದ ಬೆಳಿಗ್ಗೆ ಲಂಡನ್ನಿಗೆ ತಂತಿ. ಅಪಾಯ ಕಂಡರೆ ಲಂಡನ್ನಿನಿಂದ ಬಂದರುಗಳಿಗೆ ತಂತಿ. ಬಂದರಿನ ಕಂಬಕ್ಕೆ ಕರಿ ಕ್ಯಾನ್‌ವಾಸಿನ ಶಂಕು. ಮೊನೆ ಮೇಲಿದ್ದರೆ ಬಡಗಣದಿಂದ ಬಿರುಗಾಳಿ, ಕೆಳಗಿದ್ದರೆ ತೆಂಕಣದಿಂದ. ಡೋಲಿನಾಕಾರದ್ದು ಏರಿದರೆ ಒಂದರ ಹಿಂದೊಂದು ಗಾಳಿ. ಬಾವುಟ ಯಾಕಲ್ಲ? ಗಾಳಿ ನಿಂತರೆ ಅದು ಜೋತುಬೀಳುತ್ತದೆ, ಎದುರಿಗೆ ಬೀಸಿದರೆ ಗೆರೆಯಷ್ಟೇ ಕಾಣುತ್ತದೆ. ಶಂಕು ಯಾವ ದಿಕ್ಕಿನಿಂದ ನೋಡಿದರೂ ಅದೇ ಮುಕ್ಕೋನ. ಓದು ಬರಹ ಬಾರದವನಿಗೂ ತಿಳಿಯುವ ಅಕ್ಷರ. ನಮ್ಮ ಮಂಗಳೂರು, ಕಾರವಾರದ ಕಡೆಯವರಿಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ಬಂದರಿನಲ್ಲಿ ಮೂರನೇ ನಂಬರ್ ಸಂಕೇತ ಏರಿಸಿದ್ದಾರೆಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ಹನ್ನೊಂದು ಹಂತದ ಆ ಪದ್ಧತಿ ಇದೇ ಶಂಕು ಡೋಲುಗಳ ವಂಶದ್ದು.

ಅದೇ ವರ್ಷದ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಮೊದಲ ಹವಾಮಾನ ಮುನ್ಸೂಚನೆ ಬಂತು. ಮೂರು ದಿಕ್ಕಿಗೆ ಒಂದೊಂದು ಸಾಲು, ಎಲ್ಲ ಕಡೆಗೂ ಒಳ್ಳೆಯ ಹವೆ. 'ಫೋರ್‌ಕಾಸ್ಟ್' ಎಂಬ ಪದವನ್ನು ಈ ಕೆಲಸಕ್ಕೆ ತಂದವನು ಇವನೇ. ಇದು ಕಾಲಜ್ಞಾನವಲ್ಲ, ಅಳತೆ ಲೆಕ್ಕಗಳಿಂದ ಹುಟ್ಟಿದ ಅಭಿಪ್ರಾಯ ಎಂದು ಒತ್ತಿ ಹೇಳಿದ. ನಮ್ಮಲ್ಲಿ 'ಮುನ್ಸೂಚನೆ' ಎಂಬ ಚೆಂದದ ಪದವಿದ್ದೂ ಸುದ್ದಿವಾಚಕರು 'ಹವಾಮಾನ ಇಲಾಖೆ ಭವಿಷ್ಯ ನುಡಿದಿದೆ' ಎನ್ನುವಾಗ ನನಗೆ ಈ ಕಪ್ತಾನನ ಗಂಟುಮೋರೆ ನೆನಪಾಗುತ್ತದೆ.

ಗಂಟುಮೋರೆಗೆ ಕಾರಣಗಳಿದ್ದವು. ಮುನ್ಸೂಚನೆ ತಪ್ಪಿದಾಗ ಪತ್ರಿಕೆಗಳು ಗೇಲಿ ಮಾಡಿದವು. ಶಂಕು ಏರಿದರೆ ಮೀನುಗಾರರು ದೋಣಿ ಇಳಿಸುವುದಿಲ್ಲ, ದಿನದ ಗಳಿಕೆ ಹೋಯಿತೆಂದು ದೋಣಿ ಮಾಲೀಕರು ಗೊಣಗಿದರು. ಸಿದ್ಧಾಂತದ ಬುಡವಿಲ್ಲದ ಊಹೆ ಎಂದು ವಿಜ್ಞಾನಿಗಳು ಮೂಗು ಮುರಿದರು. ಅವರ ಮಾತಿನಲ್ಲಿ ಹುರುಳಿಲ್ಲದೆಯೂ ಇರಲಿಲ್ಲ. 1865ರ ಏಪ್ರಿಲ್ 30ರ ಭಾನುವಾರ ಬೆಳಿಗ್ಗೆ ಫಿಟ್ಜ್‌ರಾಯ್ ತನ್ನ ಜೀವ ತಾನೇ ತೆಗೆದುಕೊಂಡ. ಮುನ್ಸೂಚನೆ ತಪ್ಪಿದ್ದಕ್ಕೆ ಸತ್ತ ಎಂದೋ, ಡಾರ್ವಿನ್ನನಿಗೆ ಹಡಗು ಕೊಟ್ಟೆನೆಂಬ ಪಶ್ಚಾತ್ತಾಪದಿಂದ ಸತ್ತ ಎಂದೋ ಬರೆಯುವವರಿದ್ದಾರೆ. ಅಷ್ಟು ಸಲೀಸಲ್ಲ. ಕುಗ್ಗಿದ ಆರೋಗ್ಯ, ಕರಗಿದ ಆಸ್ತಿ, ಬಹಳ ಕಾಲದಿಂದ ಬಂದು ಹೋಗುತ್ತಿದ್ದ ಖಿನ್ನತೆ; ಸೋದರಮಾವ ಕ್ಯಾಸಲ್ರೇ 1822ರಲ್ಲಿ ಸತ್ತದ್ದೂ ಹೀಗೆಯೇ. ಅವನ ಸಂಸಾರಕ್ಕೆಂದು ನಿಧಿ ಎತ್ತಿದಾಗ ಡಾರ್ವಿನ್ 100 ಪೌಂಡು ಕೊಟ್ಟ.

ಮಾರನೆಯ ವರ್ಷ, ಡಾರ್ವಿನ್ನನ ಬಂಧು ಫ್ರಾನ್ಸಿಸ್ ಗಾಲ್ಟನ್ ಇದ್ದ ಪರಿಶೀಲನಾ ಸಮಿತಿಯ ವರದಿಯ ಬೆನ್ನಿಗೆ ಮುನ್ಸೂಚನೆ ನಿಂತಿತು, ಡಿಸೆಂಬರಿನಲ್ಲಿ ಶಂಕುಗಳೂ ಇಳಿದವು. ಕರಾವಳಿಯಿಂದ ಗಲಾಟೆ ಎದ್ದಿತು. 1867ರಲ್ಲಿ ಶಂಕುಗಳು ಮತ್ತೆ ಏರಿದವು. ಪತ್ರಿಕೆಯ ಮುನ್ಸೂಚನೆ ಮರಳಲು 1879 ಬರಬೇಕಾಯಿತು. ಅಷ್ಟರಲ್ಲಿ ನಮ್ಮಲ್ಲಿ, 1864ರ ಕಲ್ಕತ್ತಾ ಚಂಡಮಾರುತದ ಸಾವುನೋವಿನ ನಂತರ, 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತ್ತು. 2002ರಲ್ಲಿ ಬ್ರಿಟನ್ನಿನ ಹಡಗು ಮುನ್ಸೂಚನೆಯ ಒಂದು ಸಮುದ್ರವಲಯಕ್ಕೆ ಫಿಟ್ಜ್‌ರಾಯ್ ಎಂದು ಹೆಸರಿಟ್ಟರು.

ಓದಿ ಮುಚ್ಚಿಡುವ ಮುನ್ನ ಒಂದು ಕೇಳಿಕೆ. ಈಗಿನ ಎಷ್ಟೋ ಫೋನುಗಳೊಳಗೆ ಬ್ಯಾರೋಮೀಟರ್ ಇದೆ. ಒಂದು ತಿಂಗಳು, ಮನೆಯ ಒಂದೇ ಜಾಗದಲ್ಲಿಟ್ಟು, ಬೆಳಿಗ್ಗೆ ಹತ್ತಕ್ಕೊಮ್ಮೆ ಸಂಜೆ ನಾಲ್ಕಕ್ಕೊಮ್ಮೆ ಬರೆದಿಡಿ. ಹತ್ತಕ್ಕೆ ಹೆಚ್ಚು, ನಾಲ್ಕಕ್ಕೆ ಕಡಿಮೆ. ಮಳೆಯಿಲ್ಲದ ದಿನವೂ ಹೀಗೆಯೇ ಏರಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಅಷ್ಟಾಗಿ ಕಾಣದ, ಉಷ್ಣವಲಯದ ಗಾಳಿಯ ಉಬ್ಬರವಿಳಿತ ಇದು. ಆ ದಿನನಿತ್ಯದ ತೂಗಾಟವನ್ನು ಕಳೆದು ನೋಡಲು ಕಲಿತ ಮೇಲೆ, ಒಂದು ದಿನ ಬೆಳಿಗ್ಗೆ ಹತ್ತರ ಅಂಕಿ ಹಿಂದಿನ ದಿನದ ನಾಲ್ಕರದ್ದಕ್ಕಿಂತಲೂ ಕೆಳಗಿದ್ದರೆ, ಒಣಗಲು ಹಾಕಿದ ಅಡಿಕೆಯನ್ನು ಒಳಗೆ ತೆಗೆಯಿರಿ.